ಲೆಟ್ಯೂಸ್ ತಿನ್ನುವ ಮರಿಹುಳುಗಳು: ಸಿಂಪಡಣೆ ಸೋತಾಗ ದೋಷ ಪತ್ತೆಹಚ್ಚುವ ಕೈಪಿಡಿ

"ಔಷಧಿ ಹೊಡೆದರೂ ಹುಳು ಹೋಗಲಿಲ್ಲ" ಎಂಬುದು ಹೊಸಕೋಟೆ, ದೊಡ್ಡಬಳ್ಳಾಪುರ, ಮಾಲೂರು, ಚಿಕ್ಕಬಳ್ಳಾಪುರದ ಕಡೆ ಲೆಟ್ಯೂಸ್ ಬೆಳೆಯುವವರಿಂದ ಪದೇ ಪದೇ ಕೇಳಿಬರುವ ದೂರು. ಈ ದೂರಿಗೆ ಅಂಗಡಿಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಇದಕ್ಕಿಂತ ಜೋರಾದ ಇನ್ನೊಂದು ಬಾಟಲಿ. ಆದರೆ ಸಿಂಪಡಣೆ ಸೋತ ತೋಟವನ್ನು ಸಾವಧಾನವಾಗಿ ಪರಿಶೀಲಿಸಿದರೆ, ಹುಳು ಯಾವುದು, ಅದು ಎಷ್ಟು ಬೆಳೆದಿದೆ, ಹಗಲು ಹೊತ್ತು ಎಲ್ಲಿ ಅಡಗಿರುತ್ತದೆ ಎಂಬುದು ತಿಳಿಯುವ ಮೊದಲೇ ಪಂಪು ಹೆಗಲಿಗೇರಿದ್ದು ಗೊತ್ತಾಗುತ್ತದೆ. ಈ ಮೂರನ್ನು ಸರಿಯಾದ ಕ್ರಮದಲ್ಲಿ ಕಂಡುಕೊಳ್ಳುವುದು ಹೇಗೆಂದು ತಿಳಿಸುವುದೇ ಈ ಕೈಪಿಡಿಯ ಉದ್ದೇಶ.

ಬೇರೆ ತರಕಾರಿಗಳಲ್ಲಿ ಒಂದೆರಡು ಸಿಂಪಡಣೆ ವ್ಯರ್ಥವಾದರೂ ತಿದ್ದಿಕೊಳ್ಳಲು ಕಾಲಾವಕಾಶವಿರುತ್ತದೆ, ಲೆಟ್ಯೂಸ್‌ನಲ್ಲಿ ಇರುವುದಿಲ್ಲ. ಬಿಡಿ ಎಲೆಯ ತಳಿಗಳು ನಾಟಿಯಾದ ಐದಾರು ವಾರಗಳಲ್ಲೇ ಕೊಯ್ಲಿಗೆ ಬರುತ್ತವೆ, ಗಡ್ಡೆ ಕಟ್ಟುವ ಐಸ್‌ಬರ್ಗ್ ಇನ್ನು ಕೆಲವು ವಾರ ಹೆಚ್ಚು ತೆಗೆದುಕೊಳ್ಳುತ್ತದೆ, ಕೊಯ್ದ ಎಲೆಯಾದರೋ ಬೇಯದೆ, ಸಿಪ್ಪೆ ಸುಲಿಯದೆ ಹಸಿಯಾಗಿಯೇ ತಟ್ಟೆಗೆ ಹೋಗುತ್ತದೆ. ಉಳಿಕೆಯ ಮಿತಿ ಪ್ರತ್ಯೇಕವಾಗಿ ಗೊತ್ತುಮಾಡದ ಕೀಟನಾಶಕವು ತರಕಾರಿಯಲ್ಲಿ ಕಿಲೋಗೆ 0.01 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ಆಹಾರ ಸುರಕ್ಷತಾ ನಿಯಮ. ಟೊಮೇಟೊ ಅಥವಾ ಎಲೆಕೋಸಿಗೆ ಒಪ್ಪಿಗೆ ಪಡೆದ ಔಷಧಿಯ ಲೇಬಲ್ಲಿನಲ್ಲಿ ಲೆಟ್ಯೂಸ್‌ನ ಹೆಸರು ಇಲ್ಲದಿರುವುದೇ ಹೆಚ್ಚು. ಪಕ್ಕದ ಹೊಲದವರು ಎಲೆಕೋಸಿಗೆ ಹೊಡೆದರೆಂದು ಅದನ್ನೇ ತಂದು ಹೊಡೆಯುವ ರೂಢಿಯನ್ನು ಈ ಬೆಳೆಯ ಮಟ್ಟಿಗಾದರೂ ಬಿಡಬೇಕು.

ತೂತು ಮಾಡಿದ್ದು ಮರಿಹುಳುವೇ?

ಲೆಟ್ಯೂಸ್ ಎಲೆಯನ್ನು ಮುರಿದರೆ ಬಿಳಿ ಹಾಲು ಒಸರುತ್ತದೆ. ಪತ್ತೆಯ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಬೆಳಗ್ಗೆ ಬಿಸಿಲೇರುವ ಮೊದಲು ತೂತಿನ ಅಂಚನ್ನು ಹತ್ತಿರದಿಂದ ನೋಡಬೇಕು. ರಾತ್ರಿ ತಿಂದ ತೂತಾದರೆ ಅಂಚು ಹಸಿರಾಗಿ ಒದ್ದೆಯಾಗಿರುತ್ತದೆ, ನರ ಕಡಿದ ಜಾಗದಲ್ಲೆಲ್ಲ ಸಾಸಿವೆ ಕಾಳಿಗಿಂತ ಸಣ್ಣ ಹಾಲಿನ ಹನಿ ನಿಂತಿರುತ್ತದೆ. ಹಳೆಯ ತೂತಾದರೆ ಆ ಹನಿ ಕಂದು ಚುಕ್ಕೆಯಾಗಿ ಒಣಗಿರುತ್ತದೆ, ಅಂಚು ಗಡುಸಾಗಿರುತ್ತದೆ. ಎಲೆ ಬೆಳೆದಂತೆಲ್ಲ ಹಳೆಯ ತೂತೂ ಹಿಗ್ಗುವುದರಿಂದ ಕಳೆದ ವಾರ ಕಣ್ಣಿಗೆ ಬೀಳದ ಸಣ್ಣ ತೂತು ಈ ವಾರ ಬೆರಳು ತೂರುವಷ್ಟಾಗಿ ಕಾಣುತ್ತದೆ, ಆಗ ಚೆನ್ನಾಗಿಯೇ ಕೆಲಸ ಮಾಡಿದ ಸಿಂಪಡಣೆಯೂ ಸೋತಿತೆಂದು ತೋರುತ್ತದೆ. ಆದ್ದರಿಂದ ಸಿಂಪಡಣೆಯ ಫಲವನ್ನು ಅಳೆಯಬೇಕಾದದ್ದು ಆಮೇಲೆ ಬಿಚ್ಚಿಕೊಂಡ ಸುಳಿಯ ಎಲೆಗಳಲ್ಲಿಯೇ ಹೊರತು ಹೊರಗಿನ ಹಳೆಯ ಎಲೆಗಳಲ್ಲಿ ಅಲ್ಲ.

ಮುಂದೆ ಹಿಕ್ಕೆಯನ್ನು ಹುಡುಕಬೇಕು. ಮರಿಹುಳು ತಿಂದಲ್ಲಿ ಎಲೆಯ ಬುಡದ ಸಂದಿಯಲ್ಲಿ ಗುಂಡಗಿನ ಹಿಕ್ಕೆ ಸೇರಿಕೊಂಡಿರುತ್ತದೆ. ಅದು ಹಸಿರಾಗಿ ಮೆತ್ತಗಿದ್ದರೆ ಹುಳು ಇನ್ನೂ ಅಲ್ಲೇ ಇದೆ, ಕಪ್ಪಾಗಿ ಪುಡಿಯಾಗುತ್ತಿದ್ದರೆ ಜಾಗ ಬಿಟ್ಟಿರಬಹುದು. ಹಿಕ್ಕೆಯ ಗಾತ್ರವೇ ಹುಳುವಿನ ಗಾತ್ರವನ್ನೂ ಹೇಳುತ್ತದೆ. ಹಿಕ್ಕೆಯ ಬದಲು ಎಲೆಯ ಮೇಲೆ ಬೆಳಗಿನ ಬೆಳಕಿಗೆ ಮಿನುಗುವ ಲೋಳೆಯ ಗೆರೆ ಕಂಡರೆ ತಿಂದದ್ದು ಬಸವನಹುಳು ಅಥವಾ ಚಿಪ್ಪಿಲ್ಲದ ಲೋಳೆಹುಳು. ಮಳೆಗಾಲದಲ್ಲಿ, ಅದರಲ್ಲೂ ಮಲ್ಚಿಂಗ್ ಶೀಟ್ ಹಾಸಿದ ಪಟಗಳಲ್ಲಿ, ಇವುಗಳ ಕಾಟವನ್ನು ಮರಿಹುಳುವಿನ ಕಾಟವೆಂದು ತಿಳಿದು ಕೀಟನಾಶಕ ಸುರಿಯುವವರು ಕಡಿಮೆಯೇನಲ್ಲ, ಆದರೆ ಆ ಔಷಧಿಗೆ ಬಸವನಹುಳು ಜಗ್ಗುವುದಿಲ್ಲ. ಎಲೆಯ ಒಳಪದರದಲ್ಲಿ ಹಾವಿನಂತೆ ಸುತ್ತುವ ಬಿಳಿ ಗೆರೆಗಳಿದ್ದರೆ ಅದು ರಂಗೋಲಿ ಹುಳುವಿನ ಕೆಲಸ. ಒಳಗಿನ ಎಳೆಯ ಎಲೆಗಳ ಅಂಚು ಮಾತ್ರ ಕಂದಾಗಿ ಸುಟ್ಟಂತಿದ್ದು ಎಲ್ಲಿಯೂ ಕಡಿದ ಗುರುತಿಲ್ಲದಿದ್ದರೆ ಅದಕ್ಕೂ ಹುಳುವಿಗೂ ಸಂಬಂಧವಿಲ್ಲ, ಬೇಗ ಬೆಳೆಯುವ ಎಳೆ ಎಲೆಗೆ ಸುಣ್ಣದ ಅಂಶ ಸಾಲದೆ ಬರುವ ತೊಂದರೆಯದು.

ಯಾವ ಹುಳು?

ನಮ್ಮ ಭಾಗದ ಲೆಟ್ಯೂಸ್‌ನಲ್ಲಿ ಹೆಚ್ಚು ತಲೆನೋವು ತರುವುದು ತಂಬಾಕಿನ ಎಲೆ ತಿನ್ನುವ ಹುಳು, ಅಂದರೆ ರೈತರ ಬಾಯಲ್ಲಿ ಬರೀ "ಸ್ಪೊಡಾಪ್ಟೆರಾ". ಇದರ ಪತಂಗ ಎಲೆಯ ಕೆಳಭಾಗದಲ್ಲಿ ನೂರಾರು ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಟ್ಟು, ತನ್ನ ಮೈಯ ಕಂದು ರೋಮದಿಂದ ಮುಚ್ಚುತ್ತದೆ. ಒಡೆದು ಬಂದ ಮರಿಗಳು ಮೊದಲ ಕೆಲವು ದಿನ ಗುಂಪಾಗಿಯೇ ಇದ್ದು ಎಲೆಯ ಹಸಿರನ್ನು ಕೆರೆದು ತಿನ್ನುವುದರಿಂದ ಒಂದೆರಡು ಗಿಡಗಳ ಎಲೆ ಮಾತ್ರ ತೆಳುವಾದ ಕಾಗದದಂತೆ ಬೆಳ್ಳಗಾಗಿ ದೂರಕ್ಕೇ ಕಾಣುತ್ತದೆ. ಆ ಎಲೆಯನ್ನು ಅಲುಗಾಡಿಸದೆ ಕಿತ್ತು ಸಾಬೂನು ನೀರಿಗೆ ಹಾಕಿದರೆ ನೂರಾರು ಹುಳುಗಳು ಒಂದು ಕೈಯಲ್ಲಿ ಮುಗಿಯುತ್ತವೆ. ಇಡೀ ನಿಯಂತ್ರಣದಲ್ಲಿ ಇಷ್ಟು ಅಗ್ಗವಾದ ಅವಕಾಶ ಮತ್ತೆ ಸಿಗುವುದಿಲ್ಲ. ಅದು ತಪ್ಪಿದರೆ ಹುಳುಗಳು ಪಟದ ತುಂಬ ಚದುರಿ, ಬೆಳೆದಂತೆ ಬಣ್ಣ ಕಂದಾಗಿ, ಬೆನ್ನಿನ ಎರಡೂ ಬದಿಯಲ್ಲಿ ಕಪ್ಪು ಮಚ್ಚೆಗಳು ಮೂಡಿ, ಹಗಲು ಮಣ್ಣಿನ ಬಿರುಕಿನಲ್ಲೋ ಮಲ್ಚಿಂಗ್ ಶೀಟಿನ ತೂತಿನಂಚಿನಲ್ಲೋ ಅವಿತು ರಾತ್ರಿ ಮೇಯುತ್ತವೆ. ಹಗಲಿನಲ್ಲಿ ಗಿಡ ತಡಕಿ "ಹುಳು ಇಲ್ಲ, ತೂತು ಮಾತ್ರ ಇದೆ" ಎನ್ನುವವರು ರಾತ್ರಿ ಎಂಟರ ನಂತರ ಟಾರ್ಚ್ ಹಿಡಿದು ಅದೇ ಸಾಲಿನಲ್ಲಿ ನಡೆಯಬೇಕು.

ಎರಡನೆಯದು ಕಾಯಿಕೊರಕ, ಹೆಲಿಕೋವರ್ಪ. ಅವರೆ, ತೊಗರಿ, ಟೊಮೇಟೊ, ಚೆಂಡುಹೂವಿನ ಹೊಲ ಪಕ್ಕದಲ್ಲಿದ್ದರೆ ಇದು ಬರುವುದನ್ನು ನಿರೀಕ್ಷಿಸಬಹುದು. ಇದರ ಪತಂಗ ಮೊಟ್ಟೆಯನ್ನು ಬಿಡಿಬಿಡಿಯಾಗಿ ಇಡುತ್ತದೆ, ಗಿಡಕ್ಕೊಂದರಂತೆ ಹುಳು ಸಿಗುತ್ತದೆ, ಬಣ್ಣ ಹಸಿರಿನಿಂದ ಕಂದಿನವರೆಗೆ ಹೇಗೂ ಇರಬಹುದು. ಬಿಡಿ ಎಲೆಯ ತಳಿಗಿಂತ ಐಸ್‌ಬರ್ಗ್‌ಗೆ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಗಡ್ಡೆ ಬಿಗಿಯಾಗುವ ಹೊತ್ತಿಗೆ ಒಳಸೇರಿಕೊಂಡ ಹುಳುವಿಗೆ ಹೊರಗಿನಿಂದ ಹೊಡೆದ ಯಾವುದೂ ತಗಲುವುದಿಲ್ಲ. ಗಡ್ಡೆಯ ಹೊರಗೆ ಒಂದೇ ಒಂದು ಗುಂಡು ತೂತು, ಅದರ ಬಾಯಲ್ಲಿ ಒದ್ದೆ ಹಿಕ್ಕೆ ಕಂಡಿತೆಂದರೆ ಆ ಗಡ್ಡೆಯ ಆಸೆ ಬಿಡಬೇಕಾದದ್ದೇ.

ಮೂರನೆಯದು ಬೆನ್ನು ಕಮಾನಿನಂತೆ ಎತ್ತಿ ನಡೆಯುವ ಹಸಿರು ಕೊಂಡ್ಲಿ ಹುಳು. ಮೇಲಿನ ಎರಡು ಹುಳುಗಳ ಹೊಟ್ಟೆಯ ನಡುವೆ ನಾಲ್ಕು ಜೊತೆ ದಪ್ಪ ಕಾಲುಗಳಿದ್ದರೆ, ಇದಕ್ಕೆ ಎರಡೇ ಜೊತೆ ಇರುವುದರಿಂದ ಈ ನಡಿಗೆ. ಎಲೆಕೋಸಿನಲ್ಲೂ ಕಾಣುವ ಒಂದು ಜಾತಿಯ ಕೊಂಡ್ಲಿ ಹುಳು ಲೆಟ್ಯೂಸ್ ತಿನ್ನುವ ಮೊದಲು ನಡುನರಕ್ಕೆ ಅಡ್ಡಲಾಗಿ ಕಚ್ಚಿ ಕಾಲುವೆ ತೆಗೆಯುತ್ತದೆ, ಹಾಲೆಲ್ಲ ಅಲ್ಲೇ ಸೋರಿಹೋದ ಮೇಲೆ ತುದಿಯ ಭಾಗವನ್ನು ನಿಶ್ಚಿಂತೆಯಿಂದ ಮೇಯುತ್ತದೆ. ನರದ ಮೇಲೆ ಅಂತಹ ಅಡ್ಡಗೀರು ಕಂಡರೆ ಹುಳು ಕೈಗೆ ಸಿಗದಿದ್ದರೂ ಗುರುತು ಹಿಡಿಯಬಹುದು. ಮೂರರಲ್ಲಿ ನಿಯಂತ್ರಣಕ್ಕೆ ಸುಲಭವಾದದ್ದು ಇದೇ.

ನಾಟಿಯಾದ ಮೊದಲ ವಾರದಲ್ಲಿ ಸಸಿಗಳು ನೆಲಮಟ್ಟಕ್ಕೆ ಕತ್ತರಿಸಿ ಬಿದ್ದಿದ್ದರೆ ಅದು ಕತ್ತರಿಸುವ ಹುಳು. ಬಿದ್ದ ಸಸಿಯ ಸುತ್ತ ಒಂದೆರಡು ಅಂಗುಲ ಮಣ್ಣು ಕೆದಕಿದರೆ ಜಿಡ್ಡು ಮೈಯ ಬೂದು ಹುಳು ಸುರುಳಿಕೊಂಡು ಸಿಗುತ್ತದೆ. ಎಲೆಕೋಸು ಬೆಳೆದು ಅಭ್ಯಾಸವಿರುವವರು ಲೆಟ್ಯೂಸ್‌ನಲ್ಲೂ ವಜ್ರಬೆನ್ನಿನ ಪತಂಗದ ಹುಳುವನ್ನು ಹುಡುಕುತ್ತಾರೆ, ಆದರೆ ಅದು ಸಾಸಿವೆ ಕುಟುಂಬದ ಬೆಳೆಗಳನ್ನು ನೆಚ್ಚಿದ ಹುಳು. ಲೆಟ್ಯೂಸ್ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಹಾಗೆಯೇ 2018ರಲ್ಲಿ ಕರ್ನಾಟಕದ ಮೆಕ್ಕೆಜೋಳದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಸುದ್ದಿ ಹರಡಿದ ಮೇಲೆ ಕಂಡ ಕಂಡ ಹುಳುವನ್ನೆಲ್ಲ ಆ ಹೆಸರಿನಿಂದ ಕರೆಯುವುದು ರೂಢಿಯಾಗಿದೆ. ಹೆಸರು ತಪ್ಪಿದರೆ ಮೋಹಕ ಬಲೆಯಲ್ಲಿಟ್ಟು ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಲ್ಯೂರ್ ತಪ್ಪುತ್ತದೆ, ಹುಳುವಿಗೆ ರೋಗ ತರಲೆಂದು ಸಿಂಪಡಿಸುವ ನಂಜಾಣುವೂ (ವೈರಸ್) ತಪ್ಪುತ್ತದೆ.

ಬಂದದ್ದು ಎಲ್ಲಿಂದ?

ಹಾನಿ ಹಬ್ಬಿದ ರೀತಿಯನ್ನು ಒಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಶೇಡ್‌ನೆಟ್ ಅಥವಾ ಪಾಲಿಹೌಸ್ ಒಳಗೆ ಬಾಗಿಲ ಬಳಿಯ ಸಾಲುಗಳಲ್ಲೇ ಹಾನಿ ಹೆಚ್ಚಿದ್ದರೆ ಪತಂಗ ಬಾಗಿಲಿನಿಂದ ಬರುತ್ತಿದೆ. ಒಂಟಿ ಬಾಗಿಲನ್ನು ಕೊಯ್ಲಿನ ಹೊತ್ತು ಸಂಜೆಯವರೆಗೆ ತೆರೆದಿಡುವುದು ಮತ್ತು ಪ್ಯಾಕಿಂಗ್ ಶೆಡ್ಡಿನ ಬಿಳಿ ದೀಪ ಬಾಗಿಲಿನ ಎದುರಿಗೇ ಉರಿಯುವುದು ಇದಕ್ಕೆ ಸಾಮಾನ್ಯ ಕಾರಣಗಳು. ಪಕ್ಕದ ಪರದೆಗೆ ತಾಗಿದ ಸಾಲಿನಲ್ಲಿ ಕೆರೆದು ತಿಂದ ಬಿಳಿ ಎಲೆಗಳಿದ್ದರೆ ಪರದೆಯನ್ನೇ ಹೊರಗಿನಿಂದ ನೋಡಬೇಕು: ಒಳಗೆ ಬರಲಾಗದ ಸ್ಪೊಡಾಪ್ಟೆರಾ ಪತಂಗ ಪರದೆಯ ಮೇಲೆಯೇ ಮೊಟ್ಟೆಯ ಗುಂಪಿಡುತ್ತದೆ, ಒಡೆದ ಮರಿಗಳು ಕಣ್ಣುಗಳ ಮೂಲಕ ನುಸುಳಿ ಎಳೆ ಹಿಡಿದು ಕೆಳಗಿಳಿಯುತ್ತವೆ. ಇಂತಹ ಕಡೆ ಪರದೆ ಹರಿದಿಲ್ಲ ಎಂಬುದೊಂದೇ ಸಾಲದು, ವಾರಕ್ಕೆರಡು ಬಾರಿ ಪರದೆಯ ಮೇಲಿನ ಕಂದು ಹತ್ತಿಯಂತಹ ತೇಪೆಗಳನ್ನು ಕೆರೆದು ತೆಗೆಯಬೇಕು.

ಹಾನಿ ಯಾವ ಅಂಚಿಗೂ ವಾಲದೆ ಎಲ್ಲೆಡೆ ಒಂದೇ ಸಮ ಇದ್ದರೆ ಎರಡು ಸಾಧ್ಯತೆಗಳಿವೆ. ನಾಟಿಯಾದ ವಾರದೊಳಗೇ ತೂತು ಶುರುವಾಗಿದ್ದರೆ ಹುಳು ನರ್ಸರಿಯಲ್ಲಿ ಸಸಿ ಬೆಳೆಸುವ ಟ್ರೇ (ಪ್ರೋಟ್ರೇ) ಜೊತೆಗೇ ಬಂದಿದೆ. ಸ್ವಲ್ಪ ತಡವಾಗಿ ಶುರುವಾಗಿ ಕಳೆದ ಬೆಳೆಯಲ್ಲೂ ಇದೇ ಕಾಟವಿದ್ದರೆ, ಮಣ್ಣಿನಲ್ಲಿದ್ದ ಕೋಶಗಳಿಂದ ಪತಂಗ ಒಳಗೇ ಹೊರಬಂದಿದೆ. ಇದನ್ನು ಖಚಿತಪಡಿಸಿಕೊಳ್ಳಲು ಒಳಗೊಂದು ಹೊರಗೊಂದು ಮೋಹಕ ಬಲೆ ಕಟ್ಟಿ ಎರಡರ ಲೆಕ್ಕ ಹೋಲಿಸಬೇಕು. ಹೊರಗೆ ಪತಂಗ ಬೀಳದೆ ಒಳಗೆ ಬೀಳುತ್ತಿದ್ದರೆ ಪರದೆಗೆ ಇನ್ನಷ್ಟು ಖರ್ಚು ಮಾಡಿ ಪ್ರಯೋಜನವಿಲ್ಲ. ಈ ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ, ಹಾಗಾಗಿ ಅದು ಕಾವಲಿಗೆ ಸರಿಯೇ ಹೊರತು ಅದೊಂದರಿಂದಲೇ ಕಾಟ ನಿಲ್ಲುವುದಿಲ್ಲ. ಬಯಲಿನ ಬೆಳೆಯಾದರೆ ಬದುವಿನ ಹರಳು ಗಿಡಗಳನ್ನು ನೋಡುತ್ತಿರಬೇಕು. ಸ್ಪೊಡಾಪ್ಟೆರಾ ಪತಂಗಕ್ಕೆ ಹರಳೆಲೆ ಬಲು ಪ್ರಿಯ, ಮೊಟ್ಟೆಯ ಗುಂಪು ಅಗಲವಾದ ಆ ಎಲೆಯಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಹರಳು ನೆಟ್ಟು ನೋಡದೆ ಬಿಟ್ಟರೆ ಹುಳುವನ್ನು ನಾವೇ ಸಾಕಿದಂತೆ.

ಸಿಂಪಡಣೆ ಏಕೆ ಸೋತಿತು? ಡಬ್ಬಿಯ ಪರೀಕ್ಷೆ

ಔಷಧಿಯನ್ನು ಬದಲಿಸುವ ಮೊದಲು ಮಾಡಬೇಕಾದ ಪರೀಕ್ಷೆಗೆ ಮೂರು ಪ್ಲಾಸ್ಟಿಕ್ ಡಬ್ಬಿಗಳು ಸಾಕು. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ತಳಕ್ಕೆ ಒದ್ದೆಯಾದ ಕಾಗದ ಹಾಸಬೇಕು. ಸಿಂಪಡಿಸಿದ ಗಿಡದ ಎಲೆ ಒಣಗಿದ ಮೇಲೆ ಒಂದು ಡಬ್ಬಿಗೆ ಆ ಎಲೆಯನ್ನೂ ಅದೇ ತೋಟದ ಅರ್ಧ ಅಂಗುಲಕ್ಕಿಂತ ಚಿಕ್ಕ ಹುಳುಗಳನ್ನೂ ಹಾಕಬೇಕು, ಇನ್ನೊಂದಕ್ಕೆ ಅಂಥದೇ ಎಲೆ ಮತ್ತು ದೊಡ್ಡ ಹುಳುಗಳು, ಮೂರನೆಯದಕ್ಕೆ ಸಿಂಪಡಿಸದ ಎಲೆ ಮತ್ತು ಎರಡೂ ಗಾತ್ರದ ಹುಳುಗಳು. ಕಾಯಿಕೊರಕವಾದರೆ ಹುಳುಗಳು ಒಂದನ್ನೊಂದು ತಿನ್ನುವುದರಿಂದ ಪ್ರತಿಯೊಂದನ್ನೂ ಬೇರೆ ಬೇರೆ ಇಡಬೇಕು. ನೆರಳಿನಲ್ಲಿ ಮೂರು ನಾಲ್ಕು ದಿನ ಇಟ್ಟು, ಸತ್ತವೆಷ್ಟು ಎಂಬುದರ ಜೊತೆಗೆ ಎಲೆ ಎಷ್ಟು ತಿಂದಿವೆ ಎಂದೂ ನೋಡಬೇಕು.

ಡಬ್ಬಿಯಲ್ಲಿ ಚಿಕ್ಕವು ದೊಡ್ಡವು ಎರಡೂ ಸತ್ತು, ತೋಟದಲ್ಲಿ ಮಾತ್ರ ಬದುಕಿದ್ದರೆ ಔಷಧಿ ಸರಿಯಿದೆ, ಅದು ಹುಳು ಇರುವಲ್ಲಿಗೆ ತಲುಪಿಲ್ಲ. ನೇರವಾಗಿ ಮೇಲಿನಿಂದ ಹೊಡೆದರೆ ಲೆಟ್ಯೂಸ್‌ನ ಹೊರ ಎಲೆಗಳು ಕೊಡೆಯಂತೆ ತಡೆದು ಬುಡ ಮತ್ತು ಎಲೆಯ ತಳಭಾಗ ಒಣಗಿಯೇ ಉಳಿಯುತ್ತವೆ. ನಾಜಲ್ಲನ್ನು ಕೆಳಗಿನಿಂದ ಓರೆಯಾಗಿ ಹಿಡಿದು, ಸಂಜೆ ಇಳಿಹೊತ್ತಿನಲ್ಲಿ, ಹುಳು ಮೇಯಲು ಮೇಲೇರುವ ಮುಂಚೆ ಸಿಂಪಡಿಸಬೇಕು. ಚಿಕ್ಕವು ಸತ್ತು ದೊಡ್ಡವು ಉಳಿದರೆ ಸಿಂಪಡಣೆ ತಡವಾಗಿದೆ. ಮುಂದಿನ ಸಲ ಮೊಟ್ಟೆ ಒಡೆಯುವ ಹೊತ್ತಿಗೆ ಹೊಡೆಯಬೇಕು, ಈಗ ಉಳಿದಿರುವ ದೊಡ್ಡವನ್ನು ರಾತ್ರಿ ಕೈಯಿಂದಲೇ ಆರಿಸಬೇಕು. ಎರಡೂ ಡಬ್ಬಿಗಳಲ್ಲಿ ಹುಳುಗಳು ಬದುಕಿದ್ದು ಎಲೆಯನ್ನೂ ಚೆನ್ನಾಗಿ ತಿಂದಿದ್ದರೆ ಮಾತ್ರ ದೋಷ ಔಷಧಿಯಲ್ಲಿ, ಬೆರೆಸಿದ ನೀರಿನಲ್ಲಿ ಅಥವಾ ಹುಳು ಬೆಳೆಸಿಕೊಂಡ ನಿರೋಧ ಶಕ್ತಿಯಲ್ಲಿದೆ. ಸಿಂಪಡಿಸದ ಡಬ್ಬಿಯಲ್ಲೂ ಹುಳುಗಳು ಸಾಯುತ್ತಿದ್ದರೆ ಅವುಗಳಿಗೆ ಆಗಲೇ ರೋಗವೋ ಪರಾವಲಂಬಿಯೋ ತಗಲಿದೆ. ಮೈಗಟ್ಟಿಯಾಗಿ ಬೆಳ್ಳಗೆ ಬೂಷ್ಟು ಹಿಡಿದ ಹುಳು, ತಲೆಕೆಳಗಾಗಿ ಜೋತುಬಿದ್ದು ಕರಗಿದ ಹುಳು, ಸತ್ತ ಹುಳುವಿನ ಪಕ್ಕ ಅಕ್ಕಿಕಾಳಿನಂತಹ ಬಿಳಿ ಗೂಡು, ಇವು ತೋಟದಲ್ಲೂ ಹೇರಳವಾಗಿದ್ದರೆ ಕೆಲವು ದಿನ ಪಂಪನ್ನು ಕೆಳಗಿಡುವುದೇ ಜಾಣತನ.

ಬಿಟಿ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್) ಬಳಸಿದವರಿಗೆ ಪ್ರತ್ಯೇಕವಾಗಿ ಕೆಲವು ಮಾತು. ಇದು ಹುಳುವಿನ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುವ ಬ್ಯಾಕ್ಟೀರಿಯಾ. ಹುಳು ಕೆಲವು ಗಂಟೆಗಳಲ್ಲೇ ತಿನ್ನುವುದನ್ನು ನಿಲ್ಲಿಸಿದರೂ ಸಾಯಲು ಎರಡು ಮೂರು ದಿನ ಬೇಕು. ಮಾರನೆಯ ಬೆಳಗ್ಗೆ ಹುಳು ಅಲುಗಾಡುವುದನ್ನು ಕಂಡು ಬೇರೆ ವಿಷ ಹೊಡೆಯುವುದು ಹಣ ದಂಡ. ಬಿಸಿಲಿಗೆ ಇದರ ಶಕ್ತಿ ಬೇಗ ಕುಂದುತ್ತದೆ, ಆದ್ದರಿಂದ ಬೆಳಗ್ಗೆ ಹತ್ತಕ್ಕೆ ಹೊಡೆದ ಬಿಟಿಗೂ ಸಂಜೆ ಆರಕ್ಕೆ ಹೊಡೆದ ಬಿಟಿಗೂ ಬಹಳ ಅಂತರವಿದೆ. ನಮ್ಮ ಹಲವು ಬೋರ್‌ವೆಲ್‌ಗಳ ನೀರು ಗಡುಸಾಗಿದ್ದು ಕ್ಷಾರದ ಕಡೆಗೆ ವಾಲಿರುತ್ತದೆ, ರಸಸಾರ (pH) 8 ದಾಟಿದ ನೀರಿನಲ್ಲಿ ಬಿಟಿಯ ಹರಳುಗಳು ಡ್ರಮ್ಮಿನಲ್ಲೇ ಕೆಡತೊಡಗುತ್ತವೆ. ಕಾಗದದ ಪಟ್ಟಿಯಿಂದ ಪರೀಕ್ಷಿಸಿ, ಬೇಕಿದ್ದರೆ ಸ್ವಲ್ಪ ಸಿಟ್ರಿಕ್ ಆಮ್ಲ ಬೆರೆಸಿ, ಕಲಸಿದ್ದನ್ನು ಅಂದೇ ಮುಗಿಸಬೇಕು. ಇಷ್ಟೆಲ್ಲ ಸರಿಯಿದ್ದರೂ, ಹೆಚ್ಚಾಗಿ ಸಿಗುವ ಕುರ್ಸ್ಟಾಕಿ ಬಗೆಯ ಬಿಟಿ ಕೊಂಡ್ಲಿ ಹುಳು ಮತ್ತು ಎಳೆಯ ಕಾಯಿಕೊರಕಕ್ಕೆ ತೋರಿಸುವಷ್ಟು ಫಲವನ್ನು ಸ್ಪೊಡಾಪ್ಟೆರಾಕ್ಕೆ ತೋರಿಸುವುದಿಲ್ಲ. ಸ್ಪೊಡಾಪ್ಟೆರಾಕ್ಕೆ ಅದರದೇ ನಂಜಾಣುವನ್ನು ಬೆಲ್ಲದ ನೀರಿನೊಡನೆ ಸಂಜೆ ಸಿಂಪಡಿಸುವುದು ಮೇಲು. ಆ ನಂಜಾಣು ಕಾಯಿಕೊರಕವನ್ನು ಮುಟ್ಟುವುದಿಲ್ಲ, ಕಾಯಿಕೊರಕದ್ದು ಇದನ್ನು ಮುಟ್ಟುವುದಿಲ್ಲ. ಹೆಸರು ಸರಿಯಾಗಿ ಹಿಡಿಯಬೇಕೆಂದು ಹಿಂದೆ ಹೇಳಿದ್ದು ಇದಕ್ಕೇ.

ಬೇವಿನ ಬೀಜದ ಕಷಾಯ ಸೋತಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದನ್ನು ಮಾಡಿ ಎಷ್ಟು ಹೊತ್ತಾಯಿತು ಎಂಬುದು. ಐದು ಕಿಲೋ ಬೇವಿನ ತಿರುಳಿನ ಪುಡಿಯನ್ನು ಹತ್ತು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸಾಬೂನು ಬೆರೆಸಿ ನೂರು ಲೀಟರಿಗೆ ಏರಿಸಿದ ಕಷಾಯ ಆ ದಿನಕ್ಕೆ ಮಾತ್ರ. ಅದರ ಕಹಿ ಎಲೆಯಲ್ಲಿ ಉಳಿಯುವುದರಿಂದ ಕೊಯ್ಲು ಹತ್ತಿರವಿರುವಾಗ ಲೆಟ್ಯೂಸ್‌ಗೆ ಇದು ಹೊಂದುವುದಿಲ್ಲ.

ನಿರೋಧ ಶಕ್ತಿಯ ಅನುಮಾನ ಬಂದರೆ ಹಿಂದಿನ ಬಾಟಲಿಗಳನ್ನೆಲ್ಲ ಸಾಲಾಗಿ ಇಟ್ಟು ದೊಡ್ಡ ಅಕ್ಷರದ ವ್ಯಾಪಾರದ ಹೆಸರನ್ನು ಬಿಟ್ಟು ಕೆಳಗಿನ ಸಣ್ಣ ಅಕ್ಷರವನ್ನು ಓದಬೇಕು. ಮೂರು ಕಂಪನಿಯ ಮೂರು ಬಾಟಲಿಗಳಲ್ಲಿ ಒಂದೇ ವಿಷವಿರುವುದು, ಅಥವಾ ಹೆಸರು ಬೇರೆಯಾದರೂ ಕ್ಲೋರಾಂಟ್ರಾನಿಲಿಪ್ರೋಲ್ ಮತ್ತು ಫ್ಲುಬೆಂಡಿಯಮೈಡ್‌ನಂತೆ ಒಂದೇ ಗುಂಪಿಗೆ ಸೇರಿರುವುದು ಅಪರೂಪವಲ್ಲ. ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕಗಳ ಮಟ್ಟಿಗೆ ಈ ಪಾಠ ಹಳೆಯದು: 1987ರ ಹಂಗಾಮಿನಲ್ಲಿಯೇ ಆಂಧ್ರದ ಹತ್ತಿಯಲ್ಲಿ ಕಾಯಿಕೊರಕ ಅವುಗಳಿಗೆ ಬಗ್ಗದೆ ಬೆಳೆ ಹಾಳಾಗಿತ್ತು. ಲೆಟ್ಯೂಸ್‌ಗೆ ಅವನ್ನು ಇಂದಿಗೂ ಸುರಿಯುವುದರಲ್ಲಿ ನನಗೆ ಯಾವ ಅರ್ಥವೂ ಕಾಣುವುದಿಲ್ಲ, ಹುಳುವಿನ ಶತ್ರುಗಳು ಸಾಯುವುದು ಮಾತ್ರ ಖಚಿತ.

ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ

ಶಿಡ್ಲಘಟ್ಟ, ದೇವನಹಳ್ಳಿ ಬಳಿಯ ವಿಜಯಪುರ, ಕೋಲಾರ, ರಾಮನಗರದ ಕಡೆಯವರು ಮೇಲಿನ ಯಾವ ಸಲಹೆಯನ್ನೂ ಪಾಲಿಸುವ ಮುನ್ನ ಬದುವಿನಾಚೆ ನೋಡಬೇಕು. ರೇಷ್ಮೆ ಹುಳುವೂ ಮರಿಹುಳುವೇ. ಬಿಟಿ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸಿದ್ದೇ 1901ರಲ್ಲಿ ಜಪಾನಿನ ಇಶಿವಾತ ಎಂಬ ವಿಜ್ಞಾನಿ, ರೇಷ್ಮೆ ಹುಳುಗಳನ್ನು ಕೊಲ್ಲುತ್ತಿದ್ದ ರೋಗದ ಕಾರಣವನ್ನು ಹುಡುಕುವಾಗ. ಗಾಳಿಗೆ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತ ಬಿಟಿಯಾಗಲಿ, ಅದಕ್ಕಿಂತ ಬಹಳ ದಿನ ಎಲೆಯಲ್ಲಿ ಉಳಿಯುವ ಕ್ಲೋರಾಂಟ್ರಾನಿಲಿಪ್ರೋಲ್ ಆಗಲಿ ನೆರೆಯವರ ಇಡೀ ಚಾಕಿಯನ್ನು (ಎಳೆಯ ರೇಷ್ಮೆ ಹುಳುಗಳನ್ನು) ಬಲಿ ತೆಗೆದುಕೊಳ್ಳಬಹುದು. ಇಂತಹ ಕಡೆ ಪರದೆ, ಮೊಟ್ಟೆ ಆರಿಸುವುದು, ಮೋಹಕ ಬಲೆ ಇವುಗಳ ಮೇಲೆಯೇ ಭಾರ ಹಾಕಬೇಕು. ಸಿಂಪಡಿಸಲೇಬೇಕಾದರೆ ನೆರೆಯವರಿಗೆ ಮೊದಲೇ ತಿಳಿಸಿ, ಗಾಳಿ ನಿಂತ ಹೊತ್ತಿನಲ್ಲಿ, ತಗ್ಗಿ ಸಿಂಪಡಿಸಬೇಕು.

ಹಂತ ನೋಡಿ ತೀರ್ಮಾನ

ಎಳೆಯ ಗಿಡದಲ್ಲಿ ಹೊರ ಎಲೆಗಳಿಗೆ ಬಿದ್ದ ತೂತಿಗೆ ಹೆದರಬೇಕಿಲ್ಲ. ಆ ಎಲೆಗಳು ಕೊಯ್ಲಿನಲ್ಲಿ ಹೇಗೂ ಕಿತ್ತುಹೋಗುತ್ತವೆ. ಆ ಹಂತದಲ್ಲಿ ಕಾಯಬೇಕಾದದ್ದು ಸುಳಿಯನ್ನು. ಐಸ್‌ಬರ್ಗ್ ಗಡ್ಡೆ ಮಡಿಚಿಕೊಳ್ಳತೊಡಗುವ ಮುಂಚಿನ ವಾರ ಎಲ್ಲಕ್ಕಿಂತ ಮುಖ್ಯ. ಇಡೀ ಬೆಳೆಗೆ ಒಂದೇ ಸಿಂಪಡಣೆಗೆ ಅವಕಾಶವಿದ್ದರೆ ಅದನ್ನು ಈ ವಾರಕ್ಕೇ ಮೀಸಲಿಡಬೇಕು, ಮೊಟ್ಟೆ ಅಥವಾ ಸಣ್ಣ ಮರಿ ಕಂಡಲ್ಲಿ ಮಾತ್ರ. ಗಡ್ಡೆ ಬಿಗಿದ ಮೇಲೆ ಹುಳು ಕಂಡರೆ ಸಿಂಪಡಣೆಯಿಂದ ಸಿಗುವುದು ವಿಷದ ಉಳಿಕೆ ಮಾತ್ರ. ಸರಿಯಿರುವ ಗಡ್ಡೆಗಳನ್ನು ಒಂದೆರಡು ದಿನ ಮೊದಲೇ ಕೊಯ್ದು, ತೂತು ಬಿದ್ದವನ್ನು ಅಲ್ಲೇ ಬಿಡದೆ ಹೊರಗೆ ಸಾಗಿಸುವುದು ಲೇಸು. ಬಿಡಿ ಎಲೆಯ ತಳಿಯಲ್ಲಿ ಕೊಯ್ಲಿಗೆ ವಾರವಿರುವಾಗ ಹುಳು ಹೆಚ್ಚಿದರೆ ಬಿಟಿ ಅಥವಾ ನಂಜಾಣು ಬಿಟ್ಟು ಬೇರೆ ಯಾವುದನ್ನೂ ಯೋಚಿಸಬಾರದು, ಅವನ್ನೂ ಲೇಬಲ್ ಓದಿಯೇ ಬಳಸಬೇಕು.

ಕೊಯ್ಲು ಮುಗಿದ ಪಟವನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಹೊಸ ನಾಟಿ ಮಾಡುವುದರಿಂದ ಹಳೆಯ ಬುಡಗಳಲ್ಲಿ ಉಳಿದ ಹುಳುಗಳು ನೇರವಾಗಿ ಹೊಸ ಸಸಿಗೆ ದಾಟುತ್ತವೆ. ಬುಡಗಳನ್ನು ಅಂದೇ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಮಲ್ಚಿಂಗ್ ಶೀಟ್ ಎತ್ತಿ, ಪಟವನ್ನು ಬಿಸಿಲಿಗೆ ತಿರುವಿ ಹಾಕಿದರೆ ಮಣ್ಣಿನ ಮೇಲ್ಪದರದ ಕಂದು ಕೋಶಗಳು ಹೊರಬೀಳುತ್ತವೆ, ಗೊರವಂಕ ಮತ್ತು ಕೊಕ್ಕರೆಗಳು ಅವನ್ನು ಹೆಕ್ಕುತ್ತವೆ. ಪಾಲಿಹೌಸ್ ಒಳಗೆ ಹಕ್ಕಿ ಬಾರದಿರುವುದರಿಂದ ಅಲ್ಲಿ ಕೋಶಗಳನ್ನು ಕೈಯಿಂದಲೇ ಆರಿಸಬೇಕು. ಮುಂದಿನ ನಾಟಿಗೆ ಮೊದಲು ಒಳಗಿನ ಮೋಹಕ ಬಲೆಯನ್ನು ಖಾಲಿ ಪಟದಲ್ಲೇ ಒಂದೆರಡು ವಾರ ಕಟ್ಟಿಡಿ. ಅದರಲ್ಲಿ ಪತಂಗ ಬೀಳುತ್ತಿರುವವರೆಗೆ ಸಸಿಯ ಟ್ರೇಗಳನ್ನು ಒಳಗೆ ತರಬೇಡಿ.